ದುಡ್ಡು ಕೊಟ್ಟು ಹೋಗಿ ಮೀನು ಬಿಟ್ಟು ಬಂದೆ

"ಮೀನ ಹಿಡ್ದು ಬುಟ್ಬುಟ್ಟು ಬಂದ್ಯೇನ್ಲಾ? ಅದೂ ಕೈಯಿಂದ ದುಡ್ಡು ಕೊಟ್ಟು?"

ಮಳವಳ್ಳಿ ಕಡೆಯ ನಮ್ಮ ದೊಡ್ಡಪ್ಪ ಹೀಗೆ ಕೇಳಿದಾಗ ನನಗೆ ಮಾತೇ ಬರಲಿಲ್ಲ. ಉತ್ತರಾಖಂಡದ ರಾಮಗಂಗಾ ನದಿಯಲ್ಲಿ ಗೈಡ್ ಜೊತೆ ಮೂರು ದಿನ ಮೊಣಕಾಲು ನೀರಲ್ಲಿ ನಿಂತು ಫ್ಲೈ ಫಿಶಿಂಗ್ ಮಾಡಿ ಹಿಡಿದಿದ್ದು ಒಂದೇ ಒಂದು ಮಹಶೀರ್ ಮೀನು. ಎರಡು ಕೆ.ಜಿ. ಇದ್ದಿರಬಹುದು. ಅದನ್ನೂ ವಾಪಸ್ ಬಿಟ್ಟೆ. ದೊಡ್ಡಮ್ಮ ಮಾತ್ರ, "ಹೋಗ್ಲಿ ಬುಡಿ, ಬಾಣ್ಲಿ ತೊಳ್ಯೋ ಕೆಲ್ಸ ಉಳೀತು" ಅಂದರು.

ಮಂಡ್ಯದ ಸ್ನೇಹಿತರು ಕೇಳಿದ್ದು ಇನ್ನೊಂದು ಪ್ರಶ್ನೆ. "ಫ್ಲೈ ಫಿಶಿಂಗ್ ಅಂದ್ರೆ ಟ್ರೌಟ್ ಅಲ್ವಾ?" ಅಲ್ಲ ಮಾರಾಯ್ರೆ. ಟ್ರೌಟ್ ನಮ್ಮ ದೇಶದ ಮೀನೇ ಅಲ್ಲ. ಕಾಶ್ಮೀರಕ್ಕೂ ನೀಲಗಿರಿಗೂ ಅದನ್ನು ತಂದು ಬಿಟ್ಟವರು ಬ್ರಿಟಿಷರು. ತಣ್ಣೀರು ಬೇಕು ಅದಕ್ಕೆ, ನಮ್ಮ ಕಾವೇರಿಯಲ್ಲಿ ಬದುಕೋದಿಲ್ಲ. ಮಹಶೀರ್ ಹಾಗಲ್ಲ. ನಮ್ಮ ನದಿಯಲ್ಲೇ ಹುಟ್ಟಿದ ಜಾತಿಗಳಿವೆ. ದೊಡ್ಡಪ್ಪನ ಬಾಯಲ್ಲಿ ಅದು ಬಿಳಿಮೀನು.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಚಿಕ್ಕವರಿದ್ದಾಗ ವಿಶ್ವೇಶ್ವರಯ್ಯ ನಾಲೆಯಲ್ಲಿ ಎರೆಹುಳ ಚುಚ್ಚಿ ಗಾಳ ಹಾಕುತ್ತಿದ್ದೆವಲ್ಲ, ಅಲ್ಲಿ ಎಸೆಯುವುದಕ್ಕೆ ತೂಕ ಕೊಡೋದು ಸೀಸದ ಗುಂಡು. ಗುಂಡು ಹೋದ ಕಡೆ ದಾರ ಹೋಗುತ್ತದೆ. ಇಲ್ಲಿ ಉಲ್ಟಾ. ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ಹುಳದ ಹಾಗೋ ಮರಿಮೀನಿನ ಹಾಗೋ ಮಾಡಿರುತ್ತಾರೆ, ಅದೇ ಫ್ಲೈ. ಅದು ತಾನಾಗಿ ದೂರ ಹೋಗುವಷ್ಟು ಭಾರ ಇರೋದಿಲ್ಲ. ಭಾರ ಇರೋದು ದಪ್ಪ ದಾರದಲ್ಲಿ. ದಾರವನ್ನು ಬೀಸಬೇಕು, ಫ್ಲೈ ಅದರ ಹಿಂದೆ ಹೋಗುತ್ತದೆ.

ಮೊದಲನೇ ದಿನ ದಾರ ನನ್ನ ಕಿವಿಗೆ, ಟೋಪಿಗೆ, ಹಿಂದಿನ ಪೊದೆಗೆ ಹೋಯಿತು. ನದಿಯೊಂದಕ್ಕೆ ಬಿಟ್ಟು. ಎರಡನೇ ದಿನ ತಾತನ ಬಾರುಕೋಲು ನೆನಪಾಯಿತು. ತಾತ ಅದರಿಂದ ಎತ್ತಿಗೆ ಹೊಡೆದಿದ್ದು ನಾನು ನೋಡಿಲ್ಲ, ಗಾಳಿಯಲ್ಲಿ ಬೀಸಿ ಚಟ್ ಅನ್ನಿಸುತ್ತಿದ್ದರು ಅಷ್ಟೇ. ಹಿಂದಕ್ಕೆ ಹೋದ ಬಾರು ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕೈ ತಡೆಯಬೇಕು, ಆಮೇಲೆ ಮುಂದಕ್ಕೆ. ಅದೇ ಲೆಕ್ಕದಲ್ಲಿ ಬೀಸಿದೆ, ದಾರ ನೆಟ್ಟಗೆ ಹೋಯಿತು! (ಒಂದೇ ವ್ಯತ್ಯಾಸ. ಇಲ್ಲಿ ಚಟ್ ಅಂತ ಸದ್ದು ಬಂದರೆ ಅವಸರ ಮಾಡಿದೆ ಅಂತ ಅರ್ಥ, ಫ್ಲೈ ಕಿತ್ತುಹೋಗಿರುತ್ತದೆ. ನನ್ನವು ನಾಲ್ಕು ಹೋದವು.)

ಆದರೆ ನಾನು ದುಡ್ಡು ಕೊಟ್ಟಿದ್ದು ಬೀಸೋದು ಕಲಿಯೋಕಲ್ಲ ಅಂತ ಆಮೇಲೆ ಗೊತ್ತಾಯಿತು. ಗೈಡ್ ನದಿ ಪಕ್ಕದ ಹಳ್ಳಿಯವನು. ಬೆಳಿಗ್ಗೆ ಒಂದು ಗಂಟೆ ನೀರಿಗೆ ಕಾಲಿಡೋಕೇ ಬಿಡಲಿಲ್ಲ. ಬಂಡೆ ಮೇಲೆ ಕೂರಿಸಿ ಸುಮ್ನೆ ನೋಡು ಅಂದ. ರಭಸದ ನೀರು ಮಡುವಿಗೆ ಇಳಿಯುವ ಕಡೆ ಸಣ್ಣ ಮೀನು ಚದುರಿದವು. ಕೆಳಗೆ ದೊಡ್ಡದು ಇದೆ ಅಂದ. ಇತ್ತು. ಟ್ರೌಟ್ ಕಚ್ಚಿದರೆ ಕೋಲು ಮೇಲೆತ್ತುತ್ತಾರಂತೆ. ಇದಕ್ಕೆ ಹಾಗೆ ಮಾಡಿದರೆ ತಪ್ಪಿಹೋಗುತ್ತದೆ, ಕೋಲು ನೀರಿನ ಕಡೆಗೇ ಇಟ್ಟು ಎಡಗೈಯಲ್ಲಿ ದಾರ ಜಗ್ಗಬೇಕು. ಮಹಶೀರ್‌ಗೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿ ಇದೆ. ಅಲ್ಲಿಗೆ ಸಿಕ್ಕಿದರೆ ಕೊಕ್ಕೆಯೂ ಪುಡಿಯಾಗಬಹುದು. ಕಚ್ಚಿದ ಮೇಲೆ ಅದು ಓಡಿದ ಓಟಕ್ಕೆ ನನ್ನ ಬೆರಳು ಸುಟ್ಟ ಹಾಗಾಯಿತು.

ಕೈ ಒದ್ದೆ ಮಾಡಿಕೊಂಡು ಹಿಡಿ ಅಂದ, ಒಣಗೈ ತಾಗಿದರೆ ಮೈಯ ಲೋಳೆ ಹೋಗುತ್ತದೆ. ಮೂತಿ ಹರಿವಿಗೆ ಎದುರಾಗಿ ಹಿಡಿದುಕೊಂಡಿದ್ದೆವು. ಬಾಲ ಬಡಿದು ತಾನೇ ಹೋಯಿತು. ಆಮೇಲೆ ಅವನು ಪ್ಲಾಸ್ಟಿಕ್ ಕವರ್‌ನಿಂದ ಒಂದು ನೋಟ್‌ಬುಕ್ ತೆಗೆದ. ಉದ್ದ, ಜಾಗ, ಹೊತ್ತು, ನೀರಿನ ಬಣ್ಣ ಬರೆದುಕೊಂಡ.

ನನಗೆ ಹೊಟ್ಟೆ ಉರಿದಿದ್ದು ಆಗ.

ಯಾಕೆ ಅಂದರೆ ಅಂಥ ಲೆಕ್ಕ ನಮ್ಮಲ್ಲೂ ಇತ್ತು. ಕಾವೇರಿ ವನ್ಯಧಾಮದೊಳಗಿನ ಭೀಮೇಶ್ವರಿ, ಗಾಲಿಬೋರೆ ಕಡೆ ಮಹಶೀರ್ ಹಿಡಿದು ಬಿಡುವ ಕ್ಯಾಂಪ್‌ಗಳಿದ್ದವು. ಅಲ್ಲಿ ಫ್ಲೈಗಿಂತ ಜಾಸ್ತಿ ನಡೆಯುತ್ತಿದ್ದುದು ನಮ್ಮ ರಾಗಿ, ಹಿಟ್ಟು ನಾದಿ ಬೇಯಿಸಿದ ಉಂಡೆ. ಮಂಡ್ಯದ ಮೀನು ಮುದ್ದೆ ಬಿಟ್ಟು ಇನ್ನೇನು ತಿಂದೀತು? ಹರಿಗೋಲು ಹಾಕುತ್ತಿದ್ದವರು, ಮಡು ತೋರಿಸುತ್ತಿದ್ದವರು ಅಕ್ಕಪಕ್ಕದ ಹಳ್ಳಿಯವರು. ಮೊದಲು ಕದ್ದು ಮೀನು ಹಿಡಿಯುತ್ತಿದ್ದವರೂ ಅವರಲ್ಲಿದ್ದರು. 1998ರಿಂದ 2012ರವರೆಗಿನ ಲೆಕ್ಕದಲ್ಲಿ 23,620 ಗಂಟೆ ಗಾಳ ಹಾಕಿ 6,161 ಮಹಶೀರ್ ಹಿಡಿದು ಬಿಟ್ಟಿದ್ದಾರೆ. ಅದನ್ನು ಕೂತು ನೋಡಿದ ವಿಜ್ಞಾನಿಗಳಿಗೆ ಕಂಡಿದ್ದು ಇದು: ಬೆನ್ನು ಗೂನಾದ, ಕಾವೇರಿಗೆ ಮಾತ್ರ ಸೇರಿದ ಮಹಶೀರ್ ಕಮ್ಮಿಯಾಗುತ್ತಾ ಬಂದಿದೆ. ಲೋಣಾವಳದಲ್ಲಿ ಮರಿ ಮಾಡಿಸಿ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಜಾಸ್ತಿಯಾಗಿದೆ. ಮೀನು ಉಳಿಸೋಕೆ ಅಂತ ಬಿಟ್ಟಿದ್ದು ಅದು! ಗೂನುಬೆನ್ನಿನದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಗೊತ್ತಾಗಿದ್ದೇ 2018ರಲ್ಲಿ, ಟಾರ್ ರೆಮಾದೇವಿ ಅಂತ. ಅದೇ ವರ್ಷ ಅಳಿವಿನ ತೀರಾ ಅಂಚಿನಲ್ಲಿರುವ ಪಟ್ಟಿಗೂ ಸೇರಿತು.

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದಿದ್ದರು. ಹತ್ತಿರ ಹತ್ತಿರ 54 ಕೆ.ಜಿ. ಅಂಥ ಮೀನಿದ್ದ ನೀರು ನಮ್ಮದು.

ವನ್ಯಧಾಮದೊಳಗೆ ಗಾಳ ನಿಲ್ಲಿಸಿದ್ದು ತಪ್ಪು ಅಂತ ನಾನು ಹೇಳೋದಿಲ್ಲ, ಮತ್ತೆ ತೆರೀರಿ ಅಂತಲೂ ಕೇಳೋದಿಲ್ಲ. ಕಾನೂನು ಕಾನೂನೇ. ಆದರೆ ಗಾಳ ಹೋದ ಜೊತೆಗೆ ಬರೆಯುವವರೂ ಹೋದರು. ರಾತ್ರಿ ಮೀನಿಗೆ ತೋಟೆ ಸಿಡಿಸುವವನಿಗೆ ಎದುರು ನದಿ ದಡದಲ್ಲಿ ಯಾರಾದರೂ ಇದ್ದರೆ ಒಂದು ಲೆಕ್ಕ, ಇಲ್ಲದಿದ್ದರೆ ಇನ್ನೊಂದು. ವನ್ಯಧಾಮದ ಹೊರಗಿನ ಕಾವೇರಿಯ ಒಂದು ತುಂಡಿನಲ್ಲಿ ಹಳ್ಳಿಯವರನ್ನೇ ಗೈಡ್ ಮಾಡಲಿ. ಹಿಮ್ಮುಳ್ಳಿಲ್ಲದ, ಬಾಯಿಂದ ಸಲೀಸಾಗಿ ಬಿಚ್ಚಿಬರುವ ಕೊಕ್ಕೆ ಮಾತ್ರ ಕೊಡಲಿ. ಮಳೆಗಾಲದಲ್ಲಿ ಮೀನು ಮೊಟ್ಟೆಯಿಡಲು ಮೇಲೆ ಹತ್ತುವಾಗ ಬಾಗಿಲು ಹಾಕಲಿ. ನೋಟ್‌ಬುಕ್ ಇಲ್ಲದವನಿಗೆ ಪರವಾನಗಿ ಬೇಡ.

"ಶೋಕಿಗೆ ಮೀನಿಗೆ ಚುಚ್ಚೋದು ಪಾಪ ಅಲ್ವಾ?" ಅಂತ ನನ್ನ ಹೆಂಡತಿ ಕೇಳಿದಳು. ನೋವಾಗೋದಿಲ್ಲ ಅಂತ ಸುಳ್ಳು ಹೇಳೋಕೆ ನನಗೆ ಆಗೋದಿಲ್ಲ. ಹಿಡಿದಾಗ ಖುಷಿಯಾಗಿದ್ದೂ ನಿಜ, ಬಿಡುವಾಗ ಕೈ ನಡುಗಿದ್ದೂ ನಿಜ. ಅವಳಿಗೆ ಈ ಉತ್ತರ ಸಾಕಾಗಿಲ್ಲ. ನನಗೂ ಪೂರ್ತಿ ಸಾಕಾಗಿಲ್ಲ.

ನಮ್ಮ ಕಡೆ ಈಗ "ಫಿಶಿಂಗ್" ಅಂತ ಬೋರ್ಡ್ ಹಾಕಿದ ಒಂದು ರೆಸಾರ್ಟ್‌ಗೂ ಹೋಗಿದ್ದೆ. ಸಿಮೆಂಟ್ ತೊಟ್ಟಿ, ಅದರ ತುಂಬ ಜಿಲೇಬಿ ಮೀನು. ಗೈಡ್ ಅಂತ ಬಂದ ಹುಡುಗ ಮೊಬೈಲ್‌ನಿಂದ ಕಣ್ಣೆತ್ತಲಿಲ್ಲ. ಪಾಪ, ಅವನಿಗೆ ತೋರಿಸೋಕೆ ನದಿಯಾದರೂ ಎಲ್ಲಿತ್ತು?

ದೊಡ್ಡಪ್ಪನಿಗೆ ನೋಟ್‌ಬುಕ್ ವಿಷಯ ಹೇಳಿದೆ. ಎಲೆ ಅಡಿಕೆ ಹಾಕಿಕೊಂಡು ಸುಮ್ಮನೆ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ತಾವಾಗೇ ಶುರು ಮಾಡಿದರು. ಯಾವ ಮಡುವಲ್ಲಿ ಬಿಳಿಮೀನು ಬೇಸಿಗೆಗೆ ನಿಲ್ಲುತ್ತಿತ್ತು, ಯಾವ ಬಂಡೆ ಹಿಂದೆ ಸುಳಿ, ಯಾವ ವರ್ಷ ನೀರು ಬತ್ತಿ ಬೆನ್ನು ಕಾಣಿಸಿತ್ತು. ನಾನು ಮೊಬೈಲ್‌ನಲ್ಲಿ ಬರೆದುಕೊಳ್ಳತೊಡಗಿದೆ.

"ಬರ್ಕಂಡು ಏನ್ಲಾ ಮಾಡೀಯ?" ಅಂದರು. ಆಮೇಲೆ, "ತಡಿ, ಇನ್ನೊಂದ್ ಮಡ ಬುಟ್ಟೋಯ್ತು" ಅಂದರು.