ಟೈಮಿಂಗ್ ಚೈನ್ ಮಾತ್ರ ಬದಲಿಸಿದರೆ ಸಾಕೇ? ಒಂದು ಸ್ಪಷ್ಟನೆ

‘ಚೈನ್ ಇರುವ ಎಂಜಿನ್‌ಗೆ ಆಯುಷ್ಯಪೂರ್ತಿ ಚಿಂತೆ ಇಲ್ಲ. ಸದ್ದು ಬಂದರೆ ಚೈನ್ ಒಂದನ್ನು ಬದಲಿಸಿ, ಹಲ್ಲಿನ ಚಕ್ರಕ್ಕೆ ಸುಮ್ನೆ ದುಡ್ಡು ಹಾಕಬೇಡಿ’ ಎಂಬ ಸಲಹೆ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದನ್ನು ನಂಬಬೇಡಿ. ಟೈಮಿಂಗ್ ಚೈನ್ ಎಂದರೆ ಎಂಜಿನ್ ಒಳಗೆ ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ದಂಡ) ಮತ್ತು ಕ್ಯಾಮ್ (ವಾಲ್ವ್ ತೆರೆಯುವ ದಂಡ) ಎರಡನ್ನೂ ತಾಳ ತಪ್ಪದೆ ಜೋಡಿಸುವ ಸರಪಳಿ.

ಇದೇ ಕೆಲಸ ಮಾಡುವ ರಬ್ಬರ್ ಬೆಲ್ಟ್‌ಗಿಂತ ಚೈನ್ ಜಾಸ್ತಿ ಬಾಳುತ್ತದೆ, ಅದು ನಿಜ. ಆದರೆ ಅದೂ ಸವೆಯುತ್ತದೆ. ಚೈನ್ ಉದ್ದವಾಗುವುದು ಕಬ್ಬಿಣ ಹಿಗ್ಗಿ ಅಲ್ಲ. ಒಂದೊಂದು ಕೊಂಡಿಯ ಪಿನ್ನೂ ಚೂರುಚೂರೇ ಸವೆದು, ಎಲ್ಲ ಸೇರಿ ಸಡಿಲವಾಗುತ್ತದೆ. ಹಾಗೆ ಉದ್ದವಾದ ಚೈನ್ ಸ್ಪ್ರಾಕೆಟ್‌ನ (ಹಲ್ಲಿನ ಚಕ್ರದ) ಹಲ್ಲುಗಳನ್ನೂ ತನ್ನ ಅಳತೆಗೆ ತೇಯುತ್ತದೆ. ಆ ಹಲ್ಲಿನ ಮೇಲೆ ಹೊಸ ಚೈನ್ ಸರಿಯಾಗಿ ಕೂರುವುದಿಲ್ಲ, ಬೇಗ ಹಾಳಾಗುತ್ತದೆ. ಬೈಕಿನ ಚೈನ್ ಸೆಟ್ ಬದಲಿಸಿದವರಿಗೆ ಇದು ಗೊತ್ತೇ ಇರುತ್ತದೆ, ಅಲ್ವಾ?

ಕೂಲಿಯ ಲೆಕ್ಕವನ್ನೂ ನೋಡಿ. ಎಂಜಿನ್ ಮುಂಭಾಗದ ಕವರ್ ಬಿಚ್ಚುವುದೇ ದೊಡ್ಡ ಕೆಲಸ. ಬಿಚ್ಚಿದ ಮೇಲೆ ಸ್ಪ್ರಾಕೆಟ್, ಟೆನ್ಷನರ್ (ಚೈನ್ ಬಿಗಿಹಿಡಿಯುವ ಭಾಗ), ಗೈಡ್ (ಚೈನ್ ಜಾರುವ ಪಟ್ಟಿ) ಎಲ್ಲವನ್ನೂ ಒಟ್ಟಿಗೇ ಹಾಕಿಸಿ. ಕ್ರ್ಯಾಂಕ್, ಕ್ಯಾಮ್ ಚಕ್ರಗಳ ಟೈಮಿಂಗ್ ಗುರುತು ಕೂಡಿಸಿದ ನಂತರ ಕ್ರ್ಯಾಂಕನ್ನು ಕೈಯಿಂದ 2 ಪೂರ್ತಿ ಸುತ್ತು ತಿರುಗಿಸಿ, ಗುರುತು ಮತ್ತೆ ಕೂಡುತ್ತದೆಯೇ ನೋಡಲು ಹೇಳಿ. ಕ್ರ್ಯಾಂಕ್ 2 ಸುತ್ತು ತಿರುಗಿದರೆ ಕ್ಯಾಮ್ 1 ಸುತ್ತು, ಆಗ ಎರಡೂ ಮೊದಲಿನ ಜಾಗಕ್ಕೇ ಬರಬೇಕು. ಹಲವು ಎಂಜಿನ್‌ಗಳಲ್ಲಿ ಚೈನ್ ಒಂದು ಹಲ್ಲು ತಪ್ಪಿ ಮುಂದಕ್ಕೆ ಜಾರಿದರೆ ವಾಲ್ವ್‌ಗೆ ಪಿಸ್ಟನ್ ಬಡಿಯುತ್ತದೆ. ಆಗಿನ ಖರ್ಚಿನ ಮುಂದೆ ಸ್ಪ್ರಾಕೆಟ್ ಬೆಲೆ ಏನೇನೂ ಅಲ್ಲ.

ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೆಲವು ಸೆಕೆಂಡ್ ಗರಗರ ಸದ್ದು ಬರುತ್ತಿದೆಯೇ? ತಡಮಾಡದೆ ತೋರಿಸಿ. ಹೆಚ್ಚಿನ ಟೆನ್ಷನರ್‌ಗಳು ಚೈನನ್ನು ಬಿಗಿಹಿಡಿಯುವುದು ಆಯಿಲ್ ಒತ್ತಡದಿಂದಲೇ. ಹಾಗಾಗಿ ಆಯಿಲ್ ಬದಲಾವಣೆಯನ್ನು ದಯವಿಟ್ಟು ಮುಂದೂಡಬೇಡಿ.