ಉರ್ನೆಸ್ ಚರ್ಚಿನಲ್ಲಿ ಬಾಗಿಲಿನಿಂದಾಚೆಗೂ ನೋಡಬೇಕಾದದ್ದಿದೆ

ನಾರ್ವೆಯ ಉರ್ನೆಸ್ ಎಂಬ ಹಳ್ಳಿಯ ಮರದ ಚರ್ಚಿನ ಮಾತು ಬಂದಾಗಲೆಲ್ಲ ಅದರ ಉತ್ತರ ಗೋಡೆಯ ಬಾಗಿಲವಾಡದ ಚಿತ್ರವೊಂದೇ ಹರಿದಾಡುತ್ತದೆ. ಬಳ್ಳಿಯೋ ಹಾವೋ ಎಂದು ಹೇಳಲಾಗದ ಸುರುಳಿಗಳು, ಅವುಗಳ ನಡುವೆ ಕಚ್ಚುತ್ತ ನಿಂತ ನಾಲ್ಕು ಕಾಲಿನ ಪ್ರಾಣಿ: ಕೆತ್ತನೆ ಅಸಾಧಾರಣವೇ ಸರಿ, ಉತ್ತರ ಯುರೋಪಿನ ಕಡಲ ಯಾತ್ರಿಕರಾದ ವೈಕಿಂಗರ ಕಲೆಯ ಕೊನೆಯ ಘಟ್ಟಕ್ಕೆ ಉರ್ನೆಸ್ ಶೈಲಿ ಎಂಬ ಹೆಸರು ಬಂದದ್ದೂ ಅದರಿಂದಲೇ. ಆದರೆ ಅದನ್ನು ಈ ಕಟ್ಟಡಕ್ಕೆಂದು ಕೆತ್ತಿದ್ದಲ್ಲ. 11ನೇ ಶತಮಾನದ ಹಳೆಯ ಚರ್ಚಿನಿಂದ ಬಿಚ್ಚಿ, 1130ರ ಆಸುಪಾಸಿನಲ್ಲಿ ಈಗಿನದನ್ನು ಕಟ್ಟುವಾಗ ಗೋಡೆಗೆ ಕೂರಿಸಿದ್ದು. ಬಾಗಿಲ ಬಳಿಯೇ ಮೈಮರೆತವರು ಈ ಚರ್ಚನ್ನು ಅರ್ಧದಷ್ಟೂ ನೋಡಿರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಒಳಗಿರುವುದು ದುಂಡನೆಯ 16 ಮರದ ಕಂಬಗಳು, ಅವುಗಳ ತಲೆಯ ಮೇಲೆ ಘನಾಕೃತಿಯ ಬೋದಿಗೆಗಳು (ಭಾರ ಹೊರುವ ದಿಮ್ಮಿಗಳು), ನಡುನಡುವೆ ಅರ್ಧವೃತ್ತದ ಕಮಾನುಗಳು. ಇವೆಲ್ಲ ಯುರೋಪಿನ ರೋಮನೆಸ್ಕ್ ಕಾಲದ, ಅಂದರೆ ದುಂಡು ಕಮಾನಿನ ಶೈಲಿ ಹಬ್ಬಿದ್ದ ಮಧ್ಯಯುಗದ ಘಟ್ಟದ, ಕಲ್ಲಿನ ಚರ್ಚುಗಳ ಲಕ್ಷಣಗಳು. ಕಲ್ಲಿನಲ್ಲಿ ಘನಾಕೃತಿಯ ಬೋದಿಗೆಗೆ ಕಾರಣವಿದೆ: ಚೌಕಾಕಾರದ ಕಮಾನಿನ ಬುಡವನ್ನು ದುಂಡು ಕಂಬದ ಮೇಲೆ ಕೂರಿಸಬೇಕು. ಮರದಲ್ಲಿ ಆ ಒತ್ತಾಯವಿಲ್ಲ. ಆದರೂ ಇಲ್ಲಿಯ ಬಡಗಿಗಳು ಆ ರೂಪವನ್ನು ಬೇಕೆಂದೇ ತಂದುಕೊಂಡು, ಅದರ ಚಪ್ಪಟೆ ಮುಖಗಳ ಮೇಲೆ ಪ್ರಾಣಿಗಳನ್ನು ತೆಳುವಾಗಿ ಕೆತ್ತಿದರು. ನಮ್ಮ ಮೂಡುಬಿದಿರೆಯ ಬಸದಿಗಳಲ್ಲಿ, ಭಟ್ಕಳದ ದೇವಾಲಯಗಳಲ್ಲಿ ಕಲ್ಲು ಚಪ್ಪಡಿಗಳೇ ಮರದ ಮಾಡಿನಂತೆ ಇಳಿಜಾರಾಗಿ ಕೂತಿರುವುದನ್ನು ಕಂಡವರಿಗೆ ಈ ಅನುಕರಣೆ ಹೊಸದೆನಿಸದು, ದಿಕ್ಕು ಮಾತ್ರ ತಿರುವುಮುರುವು.

ಕಟ್ಟಡವನ್ನು ಉಳಿಸಿದ್ದಾದರೂ ಈ ಶೃಂಗಾರವಲ್ಲ, ಯಾರೂ ಚಿತ್ರ ತೆಗೆಯದ ಬುಡದ ತೊಲೆಗಳು. ಅದಕ್ಕೂ ಹಿಂದಿನ ಚರ್ಚುಗಳಲ್ಲಿ ಕಂಬಗಳನ್ನು ನೆಲದಲ್ಲಿ ಹೂಳುತ್ತಿದ್ದುದರಿಂದ ಅವು ಬುಡದಿಂದಲೇ ಕೊಳೆತುಹೋಗುತ್ತಿದ್ದವು. ಇಲ್ಲಿ ಕಲ್ಲುಗಳ ಮೇಲೆ ಅಡ್ಡತೊಲೆಗಳ ಚೌಕಟ್ಟನ್ನು ಹಾಸಿ, ಕಂಬಗಳನ್ನು ಅದರ ಮೇಲೆ ನಿಲ್ಲಿಸಿ, ಗೋಡೆಯ ಹಲಗೆಗಳನ್ನು ತೊಲೆಯಲ್ಲಿ ಕೊರೆದ ಸಂದಿಗೆ ನೆಟ್ಟಗೆ ಇಳಿಸಿ ಒಂದಕ್ಕೊಂದು ಹೊಂದಿಸಿದ್ದಾರೆ. ಮರಕ್ಕೆ ಮಣ್ಣಿನ ತೇವ ತಾಗುವುದಿಲ್ಲ.

ಇಷ್ಟಾದರೂ ಇಂಥ ಚರ್ಚುಗಳಲ್ಲಿ ನಾರ್ವೆಯಲ್ಲಿ ಇಂದು ಉಳಿದಿರುವುದು 28 ಮಾತ್ರ. ಊರಿನ ಜನಸಂಖ್ಯೆಯ ಹತ್ತರಲ್ಲಿ ಮೂರು ಪಾಲು ಜನಕ್ಕೆ ಚರ್ಚಿನಲ್ಲಿ ಜಾಗವಿರಬೇಕೆಂದು 1851ರ ಕಾನೂನು ಹೇಳಿದ ಮೇಲೆ, ಚಿಕ್ಕವೆಂಬ ಒಂದೇ ಕಾರಣಕ್ಕೆ ಹಲವು ಚರ್ಚುಗಳನ್ನು ಕೆಡವಿಹಾಕಿದರು. ಉರ್ನೆಸ್ ಚರ್ಚು 1881ರಲ್ಲಿ ಪ್ರಾಚೀನ ಸ್ಮಾರಕಗಳ ಸಂರಕ್ಷಣೆಗೆಂದೇ ಹುಟ್ಟಿದ ಸಂಘವೊಂದರ ಕೈಸೇರಿತು. 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿತು.

ಒಳಗಿನ 17ನೇ ಶತಮಾನದ ಸಾಮಗ್ರಿಯ ಬಗ್ಗೆ ಕೆಲವರ ತಕರಾರಿದೆ. ಬಣ್ಣ ಬಳಿದ ಪ್ರವಚನ ಪೀಠ, 1699ರ ಬಲಿಪೀಠದ ಫಲಕ, ಸಾಲು ಆಸನಗಳು ಮಧ್ಯಯುಗದ ಗಾಂಭೀರ್ಯವನ್ನು ಕೆಡಿಸಿವೆ ಎನ್ನುತ್ತಾರೆ. ನಾರ್ವೆಯ ಇನ್ನೊಂದು ಮರದ ಚರ್ಚಾದ ಬೋರ್ಗುಂಡ್‌ನಲ್ಲಿ ಅಂಥದ್ದನ್ನೆಲ್ಲ 19ನೇ ಶತಮಾನದಲ್ಲೇ ತೆಗೆದುಹಾಕಿದ್ದಾರೆ. ಅಲ್ಲಿಯ ಒಳಾಂಗಣ ಭವ್ಯವಾಗಿದೆ, ಆದರೆ ಅಲ್ಲಿ ತಲೆಮಾರುಗಳ ಕಾಲ ಕೂತು ಪ್ರಾರ್ಥಿಸಿದ ಹಳ್ಳಿಗರ ಗುರುತು ತೀರ ಕಡಿಮೆ. ಆಯ್ಕೆ ನನ್ನದಾಗಿದ್ದರೆ ಉರ್ನೆಸ್‌ನ ಒಂದು ಬೆಂಚನ್ನೂ ಕದಲಿಸಲು ಬಿಡುತ್ತಿರಲಿಲ್ಲ.