ಎಕ್ಸ್‌ರೇಲಿ ಮುಳ್ಳು ಕಂಡರೆ ಹಿಮ್ಮಡಿ ಕೊಯ್ಯಬೇಕಾ?

ಬೆಳಗ್ಗಿನಿಂದ ತಲೆ ಕೆಟ್ಟಿದೆ. ಬರೆಯದಿದ್ದರೆ ಮನೆಯವರ ಮೇಲೆ ಕೂಗಾಡುತ್ತೇನೆ, ಅದಕ್ಕೆ ಇಲ್ಲಿ.

ಪಕ್ಕದ ತೋಟದ ಅಕ್ಕ ಮೈಸೂರಿಗೆ ಹೋಗಿ ಬಂದರು. ಕಂಕುಳಲ್ಲಿ ದೊಡ್ಡ ಎಕ್ಸ್‌ರೇ ಕವರ್, ಅದರ ಮೇಲೆ ಪೆನ್ನಿನಲ್ಲಿ ಆಪರೇಷನ್ ತಾರೀಖು. ರೋಬಸ್ಟಾ ಕೊಯ್ಲಿನ ಹೊತ್ತಿಗೆ ಶುರುವಾದ ಹಿಮ್ಮಡಿ ನೋವು. ಇನ್ನೂ ಮಳೆ ಸರಿಯಾಗಿ ಹಿಡಿದಿಲ್ಲ, ಅಷ್ಟರಲ್ಲಿ ಕತ್ತಿ! "ಹಿಮ್ಮಡಿ ಮೂಳೆಯಲ್ಲೇ ಮುಳ್ಳು ಬೆಳೆದಿದೆಯಂತೆ, ತೆಗೆದುಬಿಡ್ತಾರಂತೆ" ಅಂದರು, ಕಾಫಿ ಗಿಡದ ಬೇಡದ ಕಂಬಚಿಗುರು ಮುರಿದ ಹಾಗೆ.

ಡಾಕ್ಟರು ಮೀನಖಂಡ ಮುಟ್ಟಿ ನೋಡಿದರಾ? ಇಲ್ಲ. ಪಾದ ಮೇಲೆ ಕೆಳಗೆ ಆಡಿಸಿ ನೋಡಿದರಾ? ಇಲ್ಲ. ಕಾಲಿಗೆ ಏನು ಹಾಕ್ತೀರಿ ಅಂತ ಕೇಳಿದರಾ? ಇಲ್ಲ. "ಎಕ್ಸ್‌ರೇ ನೋಡಿದರಲ್ಲಮ್ಮಾ" ಅಂತ ಅಕ್ಕ ನನಗೇ ಸಮಾಧಾನ ಹೇಳಿದರು.

ನಾನು ಫಿಸಿಯೋಥೆರಪಿಸ್ಟ್ ಅಂತ ನಿಮಗೆಲ್ಲ ಗೊತ್ತು. ದಿನವಿಡೀ ಬೇರೆಯವರ ಕಾಲು ಹಿಡಿದುಕೊಂಡು ಕೂರುವವಳು. ಹಾಗಾಗಿ ಅಲ್ಲೇ ಕಣದ ಮೆಟ್ಟಿಲ ಮೇಲೆ ಅಕ್ಕನ್ನ ಕೂರಿಸಿ ಕಾಲು ಎತ್ತಿಕೊಂಡೆ. ಮಂಡಿ ನೇರ ಇಟ್ಟು ಪಾದವನ್ನು ಮೊಣಕಾಲಿನ ಕಡೆ ಒತ್ತಿದರೆ, ಜಪ್ಪಯ್ಯ ಅಂದರೂ ಬರುತ್ತಿಲ್ಲ. ಮಂಡಿ ಮಡಚಿಸಿ ಒತ್ತಿದೆ, ಆರಾಮಾಗಿ ಬಂತು. ಅಂದರೆ ಮೀನಖಂಡದ ಮೇಲಿನ ಸ್ನಾಯು ಗಟ್ಟಿಯಾಗಿ ಬಿಗಿದುಕೊಂಡಿದೆ, ಅದು ಬಿಗಿದಷ್ಟೂ ಅಂಗಾಲಿನ ಮೇಲೆ ಎಳೆತ ಹೆಚ್ಚು. ಒಂದು ನಿಮಿಷದ ಪರೀಕ್ಷೆ. ಖರ್ಚು ಸೊನ್ನೆ. ಹವಾಯಿ ಚಪ್ಪಲಿ ತಿರುಗಿಸಿ ನೋಡಿದರೆ ಹಿಮ್ಮಡಿ ಜಾಗದಲ್ಲಿ ಬೆಳಕು ಕಾಣುವಷ್ಟು ಸವೆದಿದೆ. ಇದನ್ನೇ ಹಾಕಿಕೊಂಡು ಆ ಇಳಿಜಾರಿನಲ್ಲಿ ದಿನವಿಡೀ ಕಾಫಿ ಕೊಯ್ದಿದ್ದಾರೆ. ಮಳೆಗಾಲದಲ್ಲಿ ಗಮ್‌ಬೂಟು, ಅದರ ಒಳಗೆ ಅಟ್ಟೆ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

ಈಗ ಆ ಮುಳ್ಳಿನ ವಿಷಯ. ನೋವೇ ಇಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲಿ ಅದು ಇರುತ್ತದೆ. ನೋವಿರುವ ಎಷ್ಟೋ ಜನರಿಗೆ ಇರುವುದೇ ಇಲ್ಲ. ನೋವಿನ ಜಾಗ ಸಾಮಾನ್ಯವಾಗಿ ಅಂಗಾಲಿನ ಪಟ್ಟಿ, ಪ್ಲಾಂಟರ್ ಫೇಸಿಯಾ, ಅದು ಹಿಮ್ಮಡಿ ಮೂಳೆಗೆ ಅಂಟಿಕೊಳ್ಳುವ ಕಡೆ. ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಜೀವ ಹೋಗುತ್ತದಲ್ಲ, ಅದೇ. 100 ಜನರಲ್ಲಿ ಸುಮಾರು 80–90 ಜನಕ್ಕೆ ಆಪರೇಷನ್ ಇಲ್ಲದೇ ಕಡಿಮೆಯಾಗುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಕತ್ತಿಯ ಮಾತು ಬರಬೇಕಾದ್ದು 6ರಿಂದ 12 ತಿಂಗಳು ಬೇರೆಲ್ಲಾ ಸರಿಯಾಗಿ ಮಾಡಿ ಸೋತ ಮೇಲೆ. ಮಾಡಿ ಸೋತ ಮೇಲೆ ಅಂದೆ. ಮಾತ್ರೆ ನುಂಗಿ, ಬಾಮು ತಿಕ್ಕಿ ಸೋತ ಮೇಲೆ ಅಲ್ಲ.

"ನಿನ್ನ ಹೊಟ್ಟೆಪಾಡು, ನೀನು ಆಪರೇಷನ್ ಬೇಡ ಅನ್ನಲೇಬೇಕು" ಅಂತ ಯಾರಾದರೂ ಬರೆಯುತ್ತೀರಿ, ಗೊತ್ತು. ಹೌದಪ್ಪ, ನಾನು ಮೀನಖಂಡ ಎಳೆಸಿ ಎಳೆಸಿಯೇ ಬಂಗಲೆ ಕಟ್ಟಿಸಿದ್ದು. ಆಪರೇಷನ್ ಮಾಡಿಸಿಕೊಂಡು ಚೆನ್ನಾಗಿ ನಡೆಯುವವರು ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಅವರಿಗೆ ಯಾವ ಆಪರೇಷನ್ ಆಯ್ತು, ಯಾಕೆ ಆಯ್ತು ಅಂತ ಕೇಳಿ ನೋಡಿ. ಅಕ್ಕನಿಗೆ ಅದೇ ಗೊತ್ತಿಲ್ಲ. ಕೇಳಿದರೆ ಮತ್ತೆ ಮುಳ್ಳು ಅಂತಾರೆ.

ಒಂದೇ ಆಪರೇಷನ್ ಅಲ್ಲ ಕಣ್ರೀ ಅದು. ಅಂಗಾಲಿನ ಪಟ್ಟಿಯನ್ನು ಬಿಡಿಸುವುದು ಒಂದು. ಹಿಮ್ಮಡಿಯ ಒಳಬದಿಯಲ್ಲಿ ಕೊಯ್ದು ಮಾಡಬಹುದು, ಇಲ್ಲಾ ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಮಾಡಬಹುದು. ಕ್ಯಾಮೆರಾದಲ್ಲಿ ಬೇಗ ಎದ್ದು ಓಡಾಡಬಹುದು. ಯಾವುದರಲ್ಲಾದರೂ ಕತ್ತರಿಸುವುದು ಪಟ್ಟಿಯ ಒಳಭಾಗವನ್ನು ಮಾತ್ರ, ಹೆಚ್ಚೆಂದರೆ ಅರ್ಧ. ಪೂರ್ತಿ ಕತ್ತರಿಸಿದರೆ ಪಾದದ ಕಮಾನು ಕುಸಿಯುತ್ತದೆ, ಆಮೇಲೆ ಪಾದದ ಹೊರಬದಿಯಲ್ಲಿ ಹೊಸ ನೋವು. ಪಕ್ಕದಲ್ಲೇ ನರ ಇದೆ, ಅದಕ್ಕೆ ಪೆಟ್ಟಾದರೆ ಮರಗಟ್ಟುತ್ತದೆ. ಇನ್ನೊಂದು, ಅಂಗಾಲನ್ನು ಮುಟ್ಟದೇ ಮೀನಖಂಡದ ಬಿಗಿದ ಸ್ನಾಯುವಿನ ಹಾಳೆಯನ್ನು ಬಿಡಿಸಿ ಉದ್ದ ಮಾಡುವುದು. ಅಕ್ಕನಂಥ ಕಾಲಿಗೆ ಆಪರೇಷನ್ ಬೇಕೇ ಬೇಕು ಅಂತಾದರೆ ಮೊದಲು ಯೋಚಿಸಬೇಕಾದ್ದು ಇದು. ಸ್ವಲ್ಪ ದಿನ ಮೀನಖಂಡದ ಶಕ್ತಿ ಕಡಿಮೆಯಾಗುತ್ತದೆ, ಆದರೆ ಕಮಾನು ಉಳಿಯುತ್ತದೆ. ಕೆಲವರಿಗೆ ಹಿಮ್ಮಡಿ ಕೆಳಗಿನ ಸಣ್ಣ ನರ ಸಿಕ್ಕಿಹಾಕಿಕೊಂಡಿರುತ್ತದೆ, ಉರಿ ಉರಿ ನೋವು. ಅವರಿಗೆ ನರ ಬಿಡಿಸಬೇಕು, ಪಟ್ಟಿ ಕೊಯ್ದು ಸುಮ್ಮನಾದರೆ ನೋವು ಅಲ್ಲೇ. ಮುಳ್ಳನ್ನು ಮಾತ್ರ ಕೆರೆದು ತೆಗೆದರೆ? ಎಕ್ಸ್‌ರೇ ಚೆಂದ ಕಾಣುತ್ತದೆ, ಅಷ್ಟೇ.

ಇಷ್ಟರಲ್ಲಿ ಯಾವುದು ಅಂತ ನಿರ್ಧರಿಸಬೇಕಾದರೆ ಕಾಲು ಮುಟ್ಟಲೇಬೇಕು. ನನ್ನ ಸಿಟ್ಟೆಲ್ಲ ಇಷ್ಟಕ್ಕೇ. ಮುಟ್ರಪ್ಪಾ!

ವ್ಯಾಯಾಮಕ್ಕೂ ಆಪರೇಷನ್‌ಗೂ ಮಧ್ಯದಲ್ಲಿ ಶಾಕ್‌ವೇವ್ ಇದೆ, ಅಂದರೆ ಹೊರಗಿನಿಂದಲೇ ಹಿಮ್ಮಡಿಗೆ ಒತ್ತಡದ ಅಲೆ ಹಾಯಿಸುವುದು, ಸ್ಟೀರಾಯ್ಡ್ ಇಂಜೆಕ್ಷನ್ ಇದೆ. ಇಂಜೆಕ್ಷನ್‌ನಿಂದ ಸ್ವಲ್ಪ ದಿನ ಸ್ವರ್ಗ, ಪದೇಪದೇ ಹಾಕಿಸಿದರೆ ಪಟ್ಟಿ ಹರಿಯುವ, ಹಿಮ್ಮಡಿಯ ಕೊಬ್ಬಿನ ಮೆತ್ತೆ ತೆಳ್ಳಗಾಗುವ ಅಪಾಯ. ಇವೆಲ್ಲಕ್ಕಿಂತ ಮೊದಲು ವ್ಯಾಯಾಮ. ಬೆರಳುಗಳ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೆಟ್ಟಿಲ ಅಂಚಿನಲ್ಲಿ ನಿಂತು, ನಿಧಾನಕ್ಕೆ ಹಿಮ್ಮಡಿ ಎತ್ತಿ ಇಳಿಸುವುದು, ದಿನ ಬಿಟ್ಟು ದಿನ. 2014ರಲ್ಲಿ ಡೆನ್ಮಾರ್ಕ್‌ನವರು ಇದನ್ನು ಬರೀ ಸ್ಟ್ರೆಚಿಂಗ್ ಜೊತೆ ಹೋಲಿಸಿ ನೋಡಿದರು. 3 ತಿಂಗಳಿಗೆ ಇದೇ ಮುಂದೆ, ವರ್ಷ ಕಳೆದಾಗ ಎರಡೂ ಸಮ. ಬೇಗ ಕಡಿಮೆಯಾದರೆ ಬೇಡ ಅಂತೀರಾ?

ನಿಜ ಹೇಳಲಾ? ನನಗೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ಸರ್ಜನ್ ಹೇಳಿದರೆ ಕೈಕಟ್ಟಿ ಹೂಂ ಅಂತಾರೆ, ಗದ್ದೆ ಅಡವಿಟ್ಟಾದರೂ ದುಡ್ಡು ಹೊಂದಿಸುತ್ತಾರೆ. ನಾನು ದಿನ ಬಿಟ್ಟು ದಿನ ಹಿಮ್ಮಡಿ ಎತ್ತಿ ಅಂದರೆ "ವಾರಕ್ಕೊಮ್ಮೆ ಸಾಕಲ್ವಾ?" ಅಂತ ಚೌಕಾಸಿ.

ಅಕ್ಕನ ಮಗನಿಗೆ ಫೋನ್ ಮಾಡಿ ಹೇಳಿದ್ದೇನೆ: ತಾರೀಖು ಮುಂದೆ ಹಾಕಿಸು, ಮೊದಲು ಅಮ್ಮನಿಗೆ ಮೆತ್ತಗಿನ ಅಟ್ಟೆಯ ಚಪ್ಪಲಿ ಕೊಡಿಸು, ಗೋಣಿಕೊಪ್ಪದ ಸಂತೆಯಿಂದ ಬೇಡ. ಅಡ್ವಾನ್ಸ್ ಕಟ್ಟಿದ್ದೇವಲ್ಲ ಅಂದ. ವಾಪಸ್ ಕೇಳು ಅಂದೆ. ಕೊಡದಿದ್ದರೆ ನಾನೂ ಜೊತೆಗೆ ಬರ್ತೇನೆ ಅಂತಲೂ ಹೇಳಿದ್ದೇನೆ, ಅವನಿಗೆ ಅದೇ ಜಾಸ್ತಿ ಹೆದರಿಕೆ.